ಮುಂದಕ್ಕೆ ಸಲೀಸು, ಹಿಂದಕ್ಕೆ ಮುಷ್ಕರ

ಪ್ರಶ್ನೆ: ನನ್ನ ಹಳೆಯ ಆಟೋಮ್ಯಾಟಿಕ್ ಕಾರು ಮುಂದಕ್ಕೆ ಚೆನ್ನಾಗಿಯೇ ಹೋಗುತ್ತದೆ. ರಿವರ್ಸ್‌ಗೆ ಹಾಕಿದರೆ ಎಂಜಿನ್ ಮೊರೆಯುತ್ತದೆಯೇ ಹೊರತು ಗಾಡಿ ಕದಲುವುದಿಲ್ಲ. ಗೇರ್‌ಬಾಕ್ಸ್ ಕೆಟ್ಟಿತೇ?

ಉತ್ತರ: ಅಷ್ಟು ಬೇಗ ಗಾಬರಿಯಾಗಬೇಡಿ. ನಮ್ಮ ಸಣ್ಣ ಕಾರುಗಳಲ್ಲಿ ಬರುವ ಎಎಂಟಿ ಒಳಗೊಳಗೆ ಮ್ಯಾನ್ಯುವಲ್ ಗೇರ್‌ಬಾಕ್ಸೇ; ಅದರ ತಪಾಸಣೆ ಬೇರೆ. ನಿಮ್ಮದು ಟಾರ್ಕ್ ಕನ್ವರ್ಟರ್ ಇರುವಂಥದ್ದು ಎಂದುಕೊಂಡು ಹೇಳುತ್ತೇನೆ.

ಮೊದಲು ಗೇರ್‌ಬಾಕ್ಸ್ ಆಯಿಲ್. ಡಿಪ್‌ಸ್ಟಿಕ್ ಇದ್ದರೆ ಕೈಪಿಡಿಯಲ್ಲಿ ಹೇಳಿದಂತೆ (ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ) ಮಟ್ಟ ನೋಡಿ, ಬಿಳಿ ಬಟ್ಟೆಗೆ ಒರೆಸಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಸವೆದಿರುವ ಸಾಧ್ಯತೆ ಹೆಚ್ಚು. ಆಗ ಬರೀ ಆಯಿಲ್ ಬದಲಿಸಿದರೆ ದುಡ್ಡು ದಂಡ.

ಆಯಿಲ್ ಸರಿಯಿದ್ದರೆ ‘ಆರ್’ಗೆ ಹಾಕಿ ಹಿಂದಿನ ಬಿಳಿ ದೀಪ ನೋಡಿ. ಬಲ್ಬ್ ಚೆನ್ನಾಗಿದ್ದೂ ದೀಪ ಹತ್ತದಿದ್ದರೆ ಲಿವರ್‌ನ ಕೇಬಲ್ ಸಡಿಲವಾಗಿರಬಹುದು. ಅದು ಸಣ್ಣ ರಿಪೇರಿ.

ಇನ್ನೊಂದು ಹಳೆಯ ಉಪಾಯ ನನಗೆ ಇಷ್ಟ. ಅನೇಕ ಹಳೆಯ ಗೇರ್‌ಬಾಕ್ಸ್‌ಗಳಲ್ಲಿ ‘ಎಲ್’ (ಲೋ ಗೇರ್) ಮತ್ತು ರಿವರ್ಸ್ ಎರಡಕ್ಕೂ ಒಳಗೆ ಒಂದೇ ಬ್ರೇಕ್. ಖಾಲಿ ರಸ್ತೆಯಲ್ಲಿ ‘ಎಲ್’ಗೆ ಹಾಕಿ ನಿಧಾನವಾಗಿ ಓಡಿಸಿ, ಆಕ್ಸಿಲರೇಟರ್ ಬಿಡಿ. ಎಂಜಿನ್ ಗಾಡಿಯನ್ನು ಹಿಡಿದು ನಿಧಾನಿಸಿದರೆ ಆ ಬ್ರೇಕ್ ಸರಿಯಿದೆ, ಅನುಮಾನ ರಿವರ್ಸ್ ಕ್ಲಚ್ ಮೇಲೆ. ನ್ಯೂಟ್ರಲ್‌ನಲ್ಲಿದ್ದಂತೆ ಉರುಳಿದರೆ ಬ್ರೇಕೇ ಹೋಗಿದೆ.

ಗೇರ್‌ಬಾಕ್ಸ್ ಇಳಿಸುವ ಮುನ್ನ ಪ್ರೆಶರ್ ಗೇಜ್ ಹಾಕಿಸಿ ನೋಡಿ. ರಿವರ್ಸ್‌ಗೆ ಸಾಮಾನ್ಯವಾಗಿ ‘ಡಿ’ಗಿಂತ ಹೆಚ್ಚು ಆಯಿಲ್ ಒತ್ತಡ ಬೇಕು, ಸೋರುವ ಸೀಲ್ ‘ಡಿ’ಯಲ್ಲಿ ಹೇಗೋ ಸಂಭಾಳಿಸಿ ಇಲ್ಲಿ ಕೈಕೊಡುತ್ತದೆ.