ಶಾಸನಸಭೆಯಿಂದ ತೆರಿಗೆಯ ವಿಚಾರಣೆಗೆ

ಚಳ್ಳಕೆರೆಯ ಶೇಂಗಾ ಎಣ್ಣೆಯೂ ಮೊಳಕಾಲ್ಮೂರಿನ ರೇಷ್ಮೆಯ ಸೀರೆಯೂ ನಮ್ಮ ಮನೆಗಳನ್ನು ಸೇರುವಾಗ ಬೆಲೆಯೊಳಗೆ ತೆರಿಗೆಯನ್ನು ಅಡಗಿಸಿಕೊಂಡೇ ಬರುತ್ತವೆ. ಗೃಹಿಣಿಯರು ಬೆಲೆಯನ್ನು ವಿಚಾರಿಸುವರು. ತೆರಿಗೆಯನ್ನು ವಿಚಾರಿಸುವವರು ವಿರಳ. ಅದನ್ನು ವಿಚಾರಿಸುವ ಕಾರ್ಯಕ್ಕೆ ನಮ್ಮ ರಾಜ್ಯದಲ್ಲಿ ಒಮ್ಮೆ ಮಾಜಿ ಮುಖ್ಯಮಂತ್ರಿಯೊಬ್ಬರೇ ನಿಯುಕ್ತರಾದರು. ಅವರು ಶ್ರೀಮಾನ್ ಎಂ. ವೀರಪ್ಪ ಮೊಯಿಲಿಯವರು.

1940ರಲ್ಲಿ ಜನಿಸಿ, ವಕೀಲಿಯಿಂದ ರಾಜಕೀಯಕ್ಕೆ ಬಂದು, 1972ರಲ್ಲಿ ಕಾರ್ಕಳದಿಂದ ವಿಧಾನಸಭೆಯನ್ನು ಪ್ರವೇಶಿಸಿದ ಇವರು ಗುಂಡೂರಾಯರ ಮಂತ್ರಿಮಂಡಲದಲ್ಲಿ ಅರ್ಥಸಚಿವರಾಗಿದ್ದರು. 1992ರಿಂದ 1994ರವರೆಗೆ ಮುಖ್ಯಮಂತ್ರಿಗಳು. ರಾಮಕಥೆಯನ್ನು ಕುರಿತು ಮಹಾಕಾವ್ಯವನ್ನು ರಚಿಸಿದವರೆಂಬುದನ್ನೂ ವಾಚಕರು ಬಲ್ಲರು. ಎಸ್. ಎಂ. ಕೃಷ್ಣರವರು ಮುಖ್ಯಮಂತ್ರಿಗಳಾಗಿದ್ದಾಗ ತೆರಿಗೆ ಸುಧಾರಣಾ ಆಯೋಗದ ಅಧ್ಯಕ್ಷಪದವು ಇವರಿಗೆ ಬಂದಿತು.

ಆಯೋಗವು ತೆರಿಗೆಯನ್ನು ವಸೂಲುಮಾಡುವ ಕಚೇರಿಯಲ್ಲ. ಅದಕ್ಕೆ ದಂಡಾಧಿಕಾರವಿಲ್ಲ, ಶಿಫಾರಸು ಮಾಡುವುದಷ್ಟೇ ಅದರ ಕೆಲಸ. ತೆರಿಗೆಯನ್ನು ವಿಧಿಸಿದವರೇ ಅದನ್ನು ಪರೀಕ್ಷಿಸಬಹುದೇ ಎಂದು ಕೆಲವರು ಕೇಳಿಯಾರು. ಗಂಟು ಹಾಕಿದವನಿಗೇ ಅದರ ಸುಳಿವು ಚೆನ್ನಾಗಿ ತಿಳಿದಿರುತ್ತದೆಂದು ನಾನೆನ್ನುವೆನು.

ಆ ಗಂಟು ಎಂತಹುದೆಂದರೆ: ಎಣ್ಣೆಯ ಗಿರಣಿಯವನು ತಗಡಿನ ಡಬ್ಬಗಳನ್ನು ಕೊಳ್ಳುವಾಗ 10 ರೂಪಾಯಿ ತೆರಿಗೆ ತೆತ್ತನೆನ್ನೋಣ. ಆ ಹತ್ತನ್ನೂ ಎಣ್ಣೆಯ ಬೆಲೆಗೆ ಸೇರಿಸುವನು. ಆ ಬೆಲೆಯ ಮೇಲೆ ಮತ್ತೆ ತೆರಿಗೆ! ಮೌಲ್ಯವರ್ಧಿತ ತೆರಿಗೆಯಲ್ಲಾದರೋ, ಎಣ್ಣೆಯ ಮಾರಾಟಕ್ಕೆ 40 ರೂಪಾಯಿ ಸಲ್ಲಬೇಕಾಗಿದ್ದರೆ ಮೊದಲು ತೆತ್ತ ಹತ್ತನ್ನು ಕಳೆದು 30ನ್ನು ಕೊಟ್ಟರೆ ಸಾಕು. ಈ ಪದ್ಧತಿಯು ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯು ಇದೇ ತತ್ತ್ವವನ್ನು ದೇಶಕ್ಕೆಲ್ಲ ವಿಸ್ತರಿಸಿತು. ಅಂದಿನಿಂದ ತೆರಿಗೆಯ ಪ್ರಮಾಣವನ್ನು ಶಿಫಾರಸು ಮಾಡುವುದು ಕೇಂದ್ರ ಮತ್ತು ರಾಜ್ಯಗಳ ಸಚಿವರು ಕೂಡಿರುವ ಪರಿಷತ್ತು. ನಮ್ಮ ಶಾಸಕರು ವಿಧಾನಸಭೆಯಲ್ಲಿ ಎಷ್ಟು ಗರ್ಜಿಸಿದರೂ ಎಣ್ಣೆಯ ಮೇಲಿನ ತೆರಿಗೆಯನ್ನು ತಾವಾಗಿ ಇಳಿಸಲಾರರು.

ಹಳೆಯ ಗಂಟು ಬಿಚ್ಚಿತೆನ್ನುವಷ್ಟರಲ್ಲಿ ಮೊಳಕಾಲ್ಮೂರಿನಲ್ಲಿ ಇನ್ನೊಂದು ಕಾಣುವುದು. ಅಲ್ಲಿಯ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಕೀರ್ತಿಗೆ ಕೊರತೆಯಿಲ್ಲ. 2017ರಲ್ಲಿ ಕಚ್ಚಾ ರೇಷ್ಮೆಗೆ ತೆರಿಗೆಯನ್ನು ವಿಧಿಸಲಿಲ್ಲ; ಹುರಿಗೊಳಿಸಿದ ನೂಲಿಗೂ ನೇಯ್ದ ರೇಷ್ಮೆಬಟ್ಟೆಗೂ ಪ್ರತಿಶತ 5ರಂತೆ ವಿಧಿಸಿದರು. ದೊಡ್ಡ ವರ್ತಕನು ನೂಲಿಗೆ ತೆತ್ತುದನ್ನು ಲೆಕ್ಕದಲ್ಲಿ ಕಳೆದುಕೊಳ್ಳುವನು. ಒಂದೆರಡು ಮಗ್ಗಗಳ ನೇಕಾರನಾದರೋ ಅಲ್ಪ ವಹಿವಾಟಿನ ಕಾರಣ ನೋಂದಣಿಯಿಂದ ಮುಕ್ತನು. ನೋಂದಣಿಯಿಲ್ಲದವನಿಗೆ ಕಳೆದುಕೊಳ್ಳುವ ಹಕ್ಕೂ ಇಲ್ಲ. ವಿನಾಯಿತಿಯೆಂದು ಕೊಟ್ಟದ್ದೇ ಅವನಿಗೆ ಭಾರವಾಯಿತು. ಸ್ವಂತ ಹಣದಿಂದ ನೂಲು ಕೊಳ್ಳುವಾಗ ತೆತ್ತ ತೆರಿಗೆಯನ್ನು ಅವನು ಸೀರೆಯ ಬೆಲೆಗೆ ಸೇರಿಸಬೇಕು, ಇಲ್ಲವೇ ತನ್ನ ಕೂಲಿಯಲ್ಲಿ ನುಂಗಿಕೊಳ್ಳಬೇಕು.