ಗುಡ್ಡದ ಜಾತ್ರೆ, ಕೋಟೆಯ ಉತ್ಸವ ಮತ್ತು ಪ್ರವಾಸಿಗನ ಒಂದು ರಾತ್ರಿ

ಪ್ರವಾಸೋದ್ಯಮವೆಂದೊಡನೆ ನಮ್ಮ ಭಾಗದ ವ್ಯಾಪಾರಿ ಬಾಂಧವರಿಗೆ ನೆನಪಾಗುವುದು ಗೋವೆಯ ಕಡಲತೀರ, ಇಲ್ಲವೇ ಹಂಪಿ, ಬಾದಾಮಿ. ನೇಸರಗಿಯಲ್ಲಿ ಕಿರಾಣಿ ಅಂಗಡಿ ಇಟ್ಟವರಿಗಾಗಲಿ, ರಾಮದುರ್ಗದಲ್ಲಿ ಮಗ್ಗ ನಡೆಸುವವರಿಗಾಗಲಿ ಅದು ತಮಗೆ ಸಂಬಂಧಿಸಿದ ವಿಷಯವೆನಿಸುವುದಿಲ್ಲ. ಆದರೆ 2024ರ ನವೆಂಬರ್ ತಿಂಗಳಲ್ಲಿ ಕೇಂದ್ರ ಸರ್ಕಾರವು 23 ರಾಜ್ಯಗಳ 40 ಪ್ರವಾಸಿ ಯೋಜನೆಗಳಿಗೆ ಒಟ್ಟು 3,295.76 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿತು. ಅದರಲ್ಲಿ ಕರ್ನಾಟಕಕ್ಕೆ ದೊರೆತ ಎರಡು ಯೋಜನೆಗಳ ಪೈಕಿ ಒಂದು ಸವದತ್ತಿಯ ಯಲ್ಲಮ್ಮನಗುಡ್ಡದ್ದು. ಮೊತ್ತ 100 ಕೋಟಿ ರೂಪಾಯಿ. ರಾಜ್ಯಗಳಿಗೆ 50 ವರ್ಷಗಳ ಅವಧಿಗೆ ಬಡ್ಡಿರಹಿತವಾಗಿ ಕೊಡುವ ಸಾಲವಿದು. ಈ ಹಣದಿಂದ ಗುಡ್ಡದ ಮೇಲೆ ಕಟ್ಟಡಗಳು ಏಳುತ್ತವೆ. ಸುತ್ತಲಿನ ಪೇಟೆಗಳಲ್ಲಿ ವ್ಯಾಪಾರವೂ ಏಳುವುದೇ ಎಂಬುದು ಬೇರೆಯೇ ಪ್ರಶ್ನೆ.

ಗುಡ್ಡಕ್ಕೆ ಜನರ ಕೊರತೆ ಎಂದೂ ಇರಲಿಲ್ಲ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಿಗೆ ಮಹಾರಾಷ್ಟ್ರ, ಗೋವೆ, ತೆಲಂಗಾಣಗಳಿಂದಲೂ ಭಕ್ತರು ಬರುತ್ತಾರೆ. 2023ರ ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭವಾದ ತರುವಾಯ ಸಾದಾ ಮಂಗಳವಾರ, ಶುಕ್ರವಾರಗಳಂದೂ ದಟ್ಟಣೆ ಹೆಚ್ಚಿದೆ. ಆದರೆ ಈ ಭಕ್ತರ ರೀತಿಯನ್ನು ವ್ಯಾಪಾರಿಯ ಕಣ್ಣಿನಿಂದ ನೋಡಬೇಕು. ಅವರು ಜೋಗುಳಬಾವಿಯಲ್ಲಿ ಮಿಂದು ಗುಡ್ಡವೇರುತ್ತಾರೆ. ಮನೆಯಿಂದ ತಂದ ಹಿಟ್ಟು, ಬೇಳೆಗಳಲ್ಲಿಯೇ ಬಯಲಲ್ಲಿ ಅಡಿಗೆ ಮಾಡಿ ಪಡ್ಡಲಗಿ ತುಂಬುತ್ತಾರೆ. ದರ್ಶನ ಮುಗಿಸಿ ಚಕ್ಕಡಿಯನ್ನೋ ಟ್ರ್ಯಾಕ್ಟರನ್ನೋ ಹತ್ತಿ ಊರಿನ ಹಾದಿ ಹಿಡಿಯುತ್ತಾರೆ. ಭಂಡಾರ, ಕುಂಕುಮ, ಬಳೆ, ಖಣ, ತೆಂಗಿನಕಾಯಿಗಳ ಮಾರಾಟವೇನೋ ಜೋರಾಗಿಯೇ ನಡೆಯುತ್ತದೆ. ಆದರೆ ಇವುಗಳಲ್ಲಿ ಬಹುಪಾಲು ಹೊರಗಿನಿಂದ ಬಂದ ಸರಕು. ನಮಗೆ ಉಳಿಯುವುದು ಚಿಲ್ಲರೆ ಮಾರಾಟದ ಅಲ್ಪ ಲಾಭ ಮಾತ್ರ.

ಈ ದೃಷ್ಟಿಯಿಂದ ಶ್ರೀಲಂಕೆಯ ಅನುಭವವನ್ನು ಗಮನಿಸುವುದು ಉಪಯುಕ್ತ. ವಿಸ್ತೀರ್ಣದಲ್ಲಿ ಆ ದ್ವೀಪರಾಷ್ಟ್ರವು ನಮ್ಮ ರಾಜ್ಯದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. 2018ರಲ್ಲಿ ಅಲ್ಲಿಗೆ ಬಂದ ವಿದೇಶಿ ಪ್ರವಾಸಿಗರು ಸುಮಾರು 23 ಲಕ್ಷ. ಅವರಿಂದ ದೊರೆತ ಆದಾಯ ಸುಮಾರು 438 ಕೋಟಿ ಡಾಲರ್. ತಲಾ ಲೆಕ್ಕ ಹಾಕಿದರೆ 1,850 ಡಾಲರಿಗೂ ಮಿಗಿಲು. ಇಷ್ಟು ಹಣ ದೇಶದೊಳಗೆ ಉಳಿಯಲು ಮುಖ್ಯ ಕಾರಣ, ಒಬ್ಬೊಬ್ಬ ಪ್ರವಾಸಿಗನೂ ಸರಾಸರಿ ಹತ್ತು ರಾತ್ರಿಗಳಷ್ಟು ಅಲ್ಲಿ ತಂಗುತ್ತಿದ್ದನೆಂಬುದು.

ತಂಗುವಂತೆ ಮಾಡಿದ ಬಗೆ ಸರಳವಾದುದು. ಅನುರಾಧಪುರ, ಪೊಲೊನ್ನರುವ, ಕ್ಯಾಂಡಿ ಎಂಬ ಮೂರು ಹಳೆಯ ರಾಜಧಾನಿಗಳನ್ನು ಮೂರು ಮೂಲೆಗಳೆಂದು ಭಾವಿಸಿ, ನಡುವೆ ಬರುವ ಸಿಗಿರಿಯ ಬಂಡೆಗೋಟೆ ಹಾಗೂ ದಂಬುಳ್ಳದ ಗುಹಾಲಯಗಳನ್ನು ಸೇರಿಸಿ, ಎಲ್ಲವನ್ನೂ ‘ಸಾಂಸ್ಕೃತಿಕ ತ್ರಿಕೋನ’ ಎಂಬ ಒಂದೇ ಹೆಸರಿನಲ್ಲಿ ಯುನೆಸ್ಕೋ ನೆರವಿನೊಂದಿಗೆ ಅಭಿವೃದ್ಧಿಪಡಿಸಲಾಯಿತು. ಒಂದು ಕಾಲಕ್ಕೆ ಈ ಸ್ಮಾರಕಗಳಲ್ಲಿ ಹಲವಕ್ಕೆ ಒಂದೇ ಟಿಕೆಟ್ಟನ್ನೂ ಮಾರುತ್ತಿದ್ದರು. ಇವೆಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಲಾಗದು. ರಾತ್ರಿ ಉಳಿದವನು ಊಟ ಮಾಡುತ್ತಾನೆ, ಬಟ್ಟೆ ಒಗೆಸುತ್ತಾನೆ, ಮರುದಿನ ಬಾಡಿಗೆ ವಾಹನ ಹಿಡಿಯುತ್ತಾನೆ, ದಾರಿಯಲ್ಲಿ ಮಾತಲೆಯ ಮಸಾಲೆ ತೋಟಕ್ಕೆ ಇಳಿದು ಪೊಟ್ಟಣ ಕೊಳ್ಳುತ್ತಾನೆ.

ನಮ್ಮಲ್ಲಿ ಅಂತಹ ಸರಪಳಿಗೆ ಬೇಕಾದ ಕೊಂಡಿಗಳು ಇಲ್ಲವೆಂದು ಹೇಳುವಂತಿಲ್ಲ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ಇರುವ ಕಿತ್ತೂರಿನಿಂದ ರಾಮದುರ್ಗದವರೆಗೆ ಸುಮಾರು ನೂರು ಕಿಲೋಮೀಟರ್. 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಸೇನೆಯು ಥ್ಯಾಕರೆಯನ್ನು ಸೋಲಿಸಿದ ಕೋಟೆ ಕಿತ್ತೂರಿನದು. 1829ರಲ್ಲಿ ಸೆರೆಯಲ್ಲಿಯೇ ಮೃತಳಾದ ಆಕೆಯ ಸಮಾಧಿ ಇರುವುದು ಬೈಲಹೊಂಗಲದಲ್ಲಿ. ಕೋಟೆಯನ್ನು ನೋಡಿದವನು ಸಮಾಧಿಯನ್ನು ನೋಡದೆ ಹಿಂದಿರುಗಿದರೆ ಅರ್ಧ ಕಥೆಯನ್ನಷ್ಟೇ ಕೇಳಿದಂತೆ. ಆದರೂ ಹೆದ್ದಾರಿಯಲ್ಲಿ ಬಂದ ಬಹುಮಂದಿ ಅಷ್ಟಕ್ಕೇ ಮರಳುತ್ತಾರೆ. ಕಿತ್ತೂರಿಗೆ ಹತ್ತಿರದ ದೇಗಾಂವಿಯಲ್ಲಿ 12ನೆಯ ಶತಮಾನದ, ಗೋವೆಯ ಕದಂಬರ ಕಾಲದ ಕಮಲನಾರಾಯಣ ದೇವಾಲಯವಿದೆ. ಬೈಲಹೊಂಗಲದ ಆಚೆ, ಮುನವಳ್ಳಿಯ ಕಡೆಗೆ ಸಾಗಿದರೆ ಸೊಗಲ. ಮಳೆಗಾಲದಲ್ಲಿ ಅಲ್ಲಿನ ಜಲಪಾತವು ಸೋಮೇಶ್ವರನ ಸನ್ನಿಧಿಯಲ್ಲಿಯೇ ಧುಮುಕುತ್ತದೆ. ಅದೇ ಊರಿನ ಕ್ರಿ.ಶ. 980ರ ಶಾಸನವು ಚಾಲುಕ್ಯ ತೈಲಪನ ಸಾಮಂತನಾದ ರಟ್ಟ ಅರಸ ಕಾರ್ತವೀರ್ಯನನ್ನು ಹೆಸರಿಸುತ್ತದೆ. ಸವದತ್ತಿಯೆಂದರೆ ಆ ರಟ್ಟರ ಸುಗಂಧವರ್ತಿ. ಗುಡ್ಡದಿಂದ ಅನತಿದೂರದಲ್ಲಿ ಮಲಪ್ರಭೆಯನ್ನು ಎರಡು ಬೆಟ್ಟಗಳ ಸಂದಿಯಲ್ಲಿ ತಡೆದು ನಿಲ್ಲಿಸಿರುವ ನವಿಲುತೀರ್ಥ, ಮತ್ತೊಂದು ದಿಕ್ಕಿಗೆ ಹೂಲಿಯ ಪಂಚಲಿಂಗೇಶ್ವರ. ಗುಡ್ಡಕ್ಕೆ ಬರುವ ಭಕ್ತರಲ್ಲಿ ಹೂಲಿಯ ಹೆಸರನ್ನೇ ಕೇಳದವರು ಹೆಚ್ಚು. ಈ ಲೇಖಕನ ಅಭಿಪ್ರಾಯದಲ್ಲಿ ನಮ್ಮ ಸೀಮೆಯ ಅತ್ಯಂತ ಉಪೇಕ್ಷಿತ ಆಸ್ತಿ ಅದು. ಮುಂದೆ ಸಿರಸಂಗಿಯ ಕಾಳಿಕಾ ದೇವಾಲಯ, ಗೊಡಚಿಯ ವೀರಭದ್ರ, ಸುರೇಬಾನದ ಶಬರಿಕೊಳ್ಳ. ಇನ್ನು ಬೆಳಗಾವಿಯಿಂದ ಬಾಗಲಕೋಟೆಯ ರಸ್ತೆ ಹಿಡಿದು ಬರುವವರಿಗೆ ಈ ಸೀಮೆಯ ಬಾಗಿಲು ನಮ್ಮ ನೇಸರಗಿಯೇ. ಇಲ್ಲಿನ ಜೋಡುಗುಡಿಯ ಮುಂದೆ ವಾಹನ ನಿಲ್ಲಿಸಲು ಒಂದು ಫಲಕವೇ ಸಾಕು.

ಋತುಮಾನವೂ ನಮಗೆ ಅನುಕೂಲವಾಗಿಯೇ ಇದೆ. ಸೊಗಲಕ್ಕೆ ಆಷಾಢ-ಶ್ರಾವಣ, ಕಿತ್ತೂರು ಉತ್ಸವಕ್ಕೆ ಅಕ್ಟೋಬರ್, ಗೊಡಚಿಯ ಜಾತ್ರೆಗೆ ಡಿಸೆಂಬರ್, ಗುಡ್ಡಕ್ಕೆ ಮಾಘದವರೆಗೂ. ಬೇಸಿಗೆಯೊಂದನ್ನು ಬಿಟ್ಟರೆ ಒಂದರ ಹಿಂದೆ ಒಂದು ಗಿರಾಕಿಗಳ ಕಾಲವೇ. ಈಗ ಪ್ರತಿಯೊಂದು ಊರೂ ತನ್ನ ಜಾತ್ರೆಯನ್ನಷ್ಟೇ ಕಾಯುತ್ತದೆ; ಉಳಿದ ತಿಂಗಳುಗಳಲ್ಲಿ ಲಾಡ್ಜಿನ ಕೋಣೆಗಳು ಖಾಲಿ ಬೀಳುತ್ತವೆ. ಖಾಲಿ ಬೀಳುವುದೆಂಬ ಭಯದಿಂದಲೇ ಒಳ್ಳೆಯ ಕೋಣೆಗಳನ್ನು ಕಟ್ಟುವವರು ಮುಂದೆ ಬರುವುದಿಲ್ಲ. ನಾಲ್ಕು ತಾಲ್ಲೂಕುಗಳ ವರ್ತಕರ ಸಂಘಗಳು ಕೂಡಿ ಒಂದು ನಕ್ಷೆ, ಒಂದು ದಿನಸೂಚಿಯನ್ನು ಅಚ್ಚು ಹಾಕಿಸಿ ಬಸ್ ನಿಲ್ದಾಣ, ಖಾನಾವಳಿ, ಪೆಟ್ರೋಲ್ ಬಂಕುಗಳಲ್ಲಿ ಇಟ್ಟರೂ ಸಾಕು. ಇದಕ್ಕೆ ಸರ್ಕಾರದ ಅನುದಾನವನ್ನು ಕಾಯಬೇಕಾಗಿಲ್ಲ.

ಸಣ್ಣ ತಯಾರಕರ ವಿಷಯದಲ್ಲಿ ಅಡಚಣೆ ಇರುವುದು ಸರಕಿನಲ್ಲಲ್ಲ, ಅದರ ರೂಪದಲ್ಲಿ. ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಕಟಕ ರೊಟ್ಟಿ, ಮಲಪ್ರಭೆಯ ದಂಡೆಯ ಬೆಲ್ಲ, ರಾಮದುರ್ಗ-ಸುರೇಬಾನ-ಮನಿಹಾಳಗಳ ನೇಕಾರರ ಸೀರೆ ಇವು ಯಾವ ಪ್ರವಾಸಿಗೂ ಬೇಡವಾದುವಲ್ಲ. ಪುಣೆಯವರೆಗೆ ಕೆಡದೆ, ಒಡೆಯದೆ ಒಯ್ಯುವ ಡಬ್ಬಿಯಲ್ಲಿ ಅವು ದೊರೆಯಬೇಕು. ಪೊಟ್ಟಣ ಕಟ್ಟಿದ ತಿನಿಸಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಂಖ್ಯೆ ಅಗತ್ಯ. ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ತಯಾರಿಕೆಯ ದಿನಾಂಕ, ಗರಿಷ್ಠ ಮಾರಾಟ ಬೆಲೆಗಳನ್ನೂ ಮುದ್ರಿಸಿರಬೇಕು. ಇಷ್ಟಿಲ್ಲದ ಪೊಟ್ಟಣವನ್ನು ಹೆದ್ದಾರಿಯ ದೊಡ್ಡ ಅಂಗಡಿಗಳವರು ಕಪಾಟಿನಲ್ಲಿಡಲು ಒಪ್ಪುವುದಿಲ್ಲ.

ಶ್ರೀಲಂಕೆಯ ಕಥೆಗೆ ಇನ್ನೊಂದು ಮಗ್ಗುಲೂ ಉಂಟು. 2019ರ ಏಪ್ರಿಲ್ 21ರ ಈಸ್ಟರ್ ಸ್ಫೋಟಗಳು, ಹಿಂದೆಯೇ ಕೊರೋನಾ. 2018ರಲ್ಲಿ 23 ಲಕ್ಷವಿದ್ದ ಪ್ರವಾಸಿಗರ ಸಂಖ್ಯೆ 2021ರಲ್ಲಿ ಎರಡು ಲಕ್ಷಕ್ಕಿಂತಲೂ ಕೆಳಗಿಳಿಯಿತು. ಸಾಲ ಮಾಡಿ ಹೋಟೆಲು ಕಟ್ಟಿದವರ ಗತಿ ಊಹಿಸಬಹುದು. 2024ರಲ್ಲಿ ಸಂಖ್ಯೆ ಮತ್ತೆ 20 ಲಕ್ಷ ದಾಟಿತಾದರೂ ನಡುವಿನ ಬಡ್ಡಿಯನ್ನು ಯಾರೂ ಬಿಡಲಿಲ್ಲ. ಕೊರೋನಾ ಕಾಲದಲ್ಲಿ ಗುಡ್ಡದ ದೇವಸ್ಥಾನವೂ ತಿಂಗಳುಗಟ್ಟಲೆ ಮುಚ್ಚಿದ್ದುದನ್ನು ಸವದತ್ತಿಯ ಅಂಗಡಿಕಾರರು ಮರೆತಿಲ್ಲ. ಆದುದರಿಂದ ಯಾತ್ರಿಕರನ್ನೇ ನಂಬಿ ಹೊಸ ಕಟ್ಟಡಕ್ಕೆ ಹಣ ಹೂಡುವುದಕ್ಕಿಂತ, ಈಗಿರುವ ಉದ್ಯೋಗಕ್ಕೆ ಯಾತ್ರಿಕರನ್ನು ಹೆಚ್ಚುವರಿ ಗಿರಾಕಿಗಳನ್ನಾಗಿ ಸೇರಿಸಿಕೊಳ್ಳುವುದು ಕ್ಷೇಮಕರ. ಊರಿಗೆ ಮಾರುವ ಬೆಲ್ಲವನ್ನೇ ಅರ್ಧ ಕಿಲೋ ಅಚ್ಚಿನಲ್ಲಿ ಮಾಡಿಸುವುದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ.

ಭರತ ಹುಣ್ಣಿಮೆಗೆ ಸರಕು ಇಳಿಸಬೇಕೆನ್ನುವವರು ದೀಪಾವಳಿಯ ಹೊತ್ತಿಗೇ ಡಬ್ಬಿ, ಚೀಟಿಗಳನ್ನು ಮುದ್ರಿಸಿಕೊಂಡಿರುವುದು ಒಳಿತು. ಮುದ್ರಣಾಲಯಗಳಲ್ಲಿ ಕ್ಯಾಲೆಂಡರುಗಳ ಕೆಲಸ ಆರಂಭವಾದ ಮೇಲೆ ಸಣ್ಣ ಆರ್ಡರುಗಳಿಗೆ ಸರದಿ ಬರುವುದು ತಡ.