ಸರ್ವರ್ ಇಲ್ಲದ ದಿನ

ಬಸವನಗುಡಿಯ ಹಳೆಯ ಮನೆಗಳಲ್ಲಿ ಆಸ್ತಿ ನೋಂದಣಿ ಎಂದರೆ ಸಣ್ಣದೊಂದು ಶುಭಕಾರ್ಯ. ಪಂಚಾಂಗ ನೋಡಿ, ರಾಹುಕಾಲ ತಪ್ಪಿಸಿ ಹೊತ್ತು ಗೊತ್ತು ಮಾಡಿರುತ್ತಾರೆ. ಹಿಂದಿನ ರಾತ್ರಿಯೇ ಮಂಚದ ಕೆಳಗಿನ ಕಬ್ಬಿಣದ ಟ್ರಂಕು ನಡುಮನೆಗೆ ಬಂದಿರುತ್ತದೆ. ಮುಚ್ಚಳ ಎತ್ತಿದರೆ ಮೊದಲು ನುಸಿಗುಳಿಗೆಯ ವಾಸನೆ, ಆಮೇಲೆ ಮಡಿಕೆ ಬಿಚ್ಚದ ಧರ್ಮಾವರದ ಸೀರೆಗಳು, ಎಲ್ಲಕ್ಕಿಂತ ಕೆಳಗೆ ದಾರ ಸುತ್ತಿದ ಕಾಗದದ ಕಟ್ಟು: ಮೂಲಪತ್ರ, ವಿಭಾಗಪತ್ರ, ಖಾತೆ, ವರ್ಷವರ್ಷದ ಕಂದಾಯದ ರಸೀದಿ. ಮಡಿಕೆಯ ಗೆರೆಯಲ್ಲಿ ಹರಿದ ಜಾಗಕ್ಕೆ ಯಾರೋ ಎಂದೋ ಅಂಟಿಸಿದ ತೆಳುಕಾಗದ ಹಳದಿಗೆ ತಿರುಗಿದೆ. ಛಾಪಾ ಕಾಗದದ ಮೇಲೆ ನೇರಳೆ ಮಸಿಯ ಹೆಬ್ಬೆಟ್ಟಿನ ಗುರುತು; ಅದನ್ನು ಒತ್ತಿದ ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಯಿತು, ಬೆರಳಿನ ಗೆರೆಗಳು ಮಾತ್ರ ಇಂದಿಗೂ ಎಣಿಸುವಷ್ಟು ಸ್ಪಷ್ಟ. ಬೆಳಿಗ್ಗೆ ಕಟ್ಟನ್ನು ದೇವರ ಮುಂದಿಟ್ಟು, ಅಂಚಿಗೆ ಅರಿಶಿನ ಕುಂಕುಮ ಸೋಕಿಸಿ, ಜಿಪ್ ಇರುವ ಚೀಲದಲ್ಲಿ ಹಾಕಿಕೊಂಡು ಮನೆಮಂದಿ ಹೊರಡುತ್ತಾರೆ. ಬನ್ನಿ, ನಾವೂ ಅವರ ಹಿಂದೆಯೇ ಹೋಗೋಣ.

ಗಾಂಧಿ ಬಜಾರಿನಲ್ಲಿ ಹೂವಿನವರು ಕನಕಾಂಬರಕ್ಕೆ ನೀರು ಚಿಮುಕಿಸುತ್ತಿದ್ದಾರೆ. ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾದವರ ಗುಂಪು ಪಾದಚಾರಿ ಹಾದಿಗೆ ಇಳಿದಿದೆ. ಆಟೊ ಚಾಮರಾಜಪೇಟೆಯ ಕಡೆ ಹೊರಳಿದರೆ ಮುದ್ರಣಾಲಯಗಳ ಅರೆತೆರೆದ ಬಾಗಿಲುಗಳಿಂದ ಮಸಿಯ ಘಾಟು, ಕಾಗದ ಕತ್ತರಿಸುವ ಯಂತ್ರದ ದಡ್ ದಡ್. ಈ ಭಾಗದಲ್ಲಿ ಉಪನೋಂದಣಿ ಕಚೇರಿಯನ್ನು ಹುಡುಕುವವರು ಕಟ್ಟಡವನ್ನಲ್ಲ, ಅದರ ಮುಂದಿನ ಬೀದಿಯನ್ನು ನೋಡಬೇಕು. ಜೆರಾಕ್ಸ್ ಅಂಗಡಿಯ ಹಸಿರು ಬೆಳಕು ಹೋಗುತ್ತಾ ಬರುತ್ತಾ ಇರುತ್ತದೆ. ಲ್ಯಾಮಿನೇಷನ್ನಿನ ಕಾದ ಪ್ಲಾಸ್ಟಿಕ್ಕಿನ ವಾಸನೆಯ ಜೊತೆ ಬೈಟು ಕಾಫಿಯ ಹಬೆ ಬೆರೆತಿರುತ್ತದೆ. ಮರದಡಿಯ ಮೇಜಿನ ಮುಂದೆ ಕೂತ ಪತ್ರ ಬರಹಗಾರರು, ಒಂದು ಕಾಲಕ್ಕೆ ಟೈಪ್‌ರೈಟರ್ ಇದ್ದ ಜಾಗದಲ್ಲಿ ಈಗ ಲ್ಯಾಪ್‌ಟಾಪ್ ಇಟ್ಟುಕೊಂಡು, ಚಕ್ಕುಬಂದಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಾರೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ ಗಲ್ಲಿ, ಉತ್ತರಕ್ಕೆ ಇಂಥವರ ಸ್ವತ್ತು. ಕೇಳುತ್ತಿರುವ ಹಿರಿಯರು ಕಣ್ಣುಮುಚ್ಚಿ ಒಂದೊಂದು ದಿಕ್ಕಿಗೂ ತಲೆಯಾಡಿಸುತ್ತಾರೆ.

ಒಳಗೆ ಫ್ಯಾನು ತಿರುಗುತ್ತಿದೆ. ಬೆಂಚಿನ ಮೇಲೆ ಅಣ್ಣತಮ್ಮಂದಿರು, ಅವರ ನಡುವೆ ವಕೀಲರು, ಮೂಲೆಯಲ್ಲಿ ಮಗುವಿಗೆ ಬಿಸ್ಕತ್ತು ತಿನ್ನಿಸುವ ಸೊಸೆ. ಕ್ಯಾಮೆರಾದ ಮುಂದೆ ಕೂತ ಅಜ್ಜಿಯ ಹೆಬ್ಬೆರಳನ್ನು ಗಾಜಿನ ಚೌಕ ಓದುತ್ತಿಲ್ಲ. "ಅಮ್ಮ, ಸೆರಗಲ್ಲಿ ಒರೆಸ್ಕೊಂಡು ಇನ್ನೊಂದ್ಸಲ ಒತ್ತಿ" ಎನ್ನುತ್ತಾಳೆ ಆಪರೇಟರ್ ಹುಡುಗಿ. ಒರೆಸಿದರೂ ಆಗಲಿಲ್ಲ. ಹಿಂದಿನಿಂದ ಯಾರೋ "ತಲೆಗೆ ಉಜ್ಕೊಳಿ ಅಜ್ಜಿ, ಎಣ್ಣೆ ಪಸೆಗೆ ಬರತ್ತೆ" ಎನ್ನುತ್ತಾರೆ. ಅರವತ್ತು ವರ್ಷ ಪಾತ್ರೆ ತೊಳೆದು, ಹಿಟ್ಟು ನಾದಿ ಸವೆದ ಬೆರಳು ಬೈತಲೆಯ ಮೇಲೆ ಒಮ್ಮೆ ಆಡಿ ಮತ್ತೆ ಗಾಜಿಗೆ ಬರುತ್ತದೆ. ತೆರೆಯ ಮೇಲೆ ಹಸಿರು ಗುರುತು ಮೂಡುತ್ತದೆ. ಅಷ್ಟೂ ಜನ ಒಟ್ಟಿಗೆ ಉಸಿರು ಬಿಡುತ್ತಾರೆ.

ಇದು ಎಲ್ಲವೂ ಸರಿಯಿದ್ದ ದಿನದ ನೋಟ. 2025ರ ಜನವರಿಯಲ್ಲಿ ಇದೇ ಬೆಂಚುಗಳ ಮೇಲೆ ಇದೇ ತರಹದ ಜನ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ವಾಪಸಾದರು. ಆಪರೇಟರುಗಳ ತೆರೆಯ ಮೇಲೆ ಸಣ್ಣ ಚಕ್ರ ಸುತ್ತುತ್ತಲೇ ಇತ್ತು. "ಸರ್ವರ್ ಇಲ್ಲ ಸಾರ್, ಮಧ್ಯಾಹ್ನ ನೋಡಿ" ಎನ್ನುವುದು ಮಧ್ಯಾಹ್ನಕ್ಕೆ "ನಾಳೆ ಬನ್ನಿ" ಎಂದಾಗುತ್ತಿತ್ತು. ಬೆಂಗಳೂರಿನವರು ಜಿಲ್ಲೆಯೊಳಗೆ ಯಾವ ಉಪನೋಂದಣಿ ಕಚೇರಿಗೆ ಬೇಕಾದರೂ ಹೋಗಬಹುದು. ಚಾಮರಾಜಪೇಟೆಯಲ್ಲಿ ಆಗದಿದ್ದರೆ ಮಲ್ಲೇಶ್ವರದಲ್ಲಿ ನೋಡೋಣ ಎನ್ನುವ ದಾರಿ ಕಾಗದದ ಮೇಲೆ ಇತ್ತು. ಆದರೆ ಅಲ್ಲಿಯೂ ಅದೇ ಚಕ್ರ ಸುತ್ತುತ್ತಿತ್ತು. ರಾಜ್ಯದ 250ಕ್ಕೂ ಹೆಚ್ಚು ಉಪನೋಂದಣಿ ಕಚೇರಿಗಳೆಲ್ಲ 2023ರಿಂದ ಕಾವೇರಿ 2.0 ಎಂಬ ಒಂದೇ ತಂತ್ರಾಂಶದ ಮೇಲೆ ನಿಂತಿವೆ. ಹಿಂದೆ ಒಂದು ಕಚೇರಿಯ ಬೀರುವಿಗೆ ಗೆದ್ದಲು ಹಿಡಿದರೆ ಕೆಡುತ್ತಿದ್ದದ್ದು ಆ ಒಂದು ಕಚೇರಿಯ ಪುಸ್ತಕ. ಈಗ ಒಂದು ಕಡೆ ಬಿದ್ದ ಪೆಟ್ಟು ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಹೊತ್ತಿಗೆ ತಾಗುತ್ತದೆ.

ಆ ಪೆಟ್ಟು ಎಂಥದೆಂದು ಆಮೇಲೆ ತಿಳಿಯಿತು. ಡಿಸೆಂಬರಿನಲ್ಲೇ ಕಾವೇರಿ ಏದುಸಿರು ಬಿಡಲು ತೊಡಗಿತ್ತು. ಜನವರಿಯಲ್ಲಿ, 62 ಇಮೇಲ್ ಖಾತೆಗಳಿಂದ, 14 ಐಪಿ ವಿಳಾಸಗಳ ಮೂಲಕ, ಎರಡೇ ಗಂಟೆಯಲ್ಲಿ 6.2 ಲಕ್ಷ ಸುಳ್ಳು ಕೋರಿಕೆಗಳು ಬಂದು ಅಪ್ಪಳಿಸಿದ್ದವು. ಕೋರಿದ್ದು ಇಸಿ, ಅಂದರೆ ಋಣಭಾರ ಪತ್ರಗಳ ಹುಡುಕಾಟ. ಕೋರುತ್ತಿದ್ದವರು ಮನುಷ್ಯರಲ್ಲ, ಬರೆದಿಟ್ಟ ಆಜ್ಞೆಯಂತೆ ಓಡುವ ಯಂತ್ರಗಳು. ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಗಾಂಧಿ ಬಜಾರಿನ ಹೂವಿನಂಗಡಿಯೊಂದನ್ನು ಸಾವಿರ ಮಂದಿ ಮುತ್ತಿಕೊಂಡು, ಒಂದು ಮೊಳವನ್ನೂ ಕೊಳ್ಳದೆ ಬರೀ ಬೆಲೆ ಕೇಳುತ್ತಾ ನಿಂತರೆ ನಿಜವಾಗಿ ಹೂ ಬೇಕಾದವಳು ಹತ್ತಿರ ಸುಳಿಯಲಾರಳು, ಆದದ್ದು ಅದು. ಇಂಥದ್ದನ್ನು ಡಿಡಾಸ್ ದಾಳಿ ಎನ್ನುತ್ತಾರೆ. ಏನನ್ನೂ ಕದಿಯದೆಯೂ ಊರಿನ ಕೆಲಸ ನಿಲ್ಲಿಸಬಹುದು. ದೂರು ದಾಖಲಾಗಿ ಸೈಬರ್ ಪೊಲೀಸರ ಕೈಗೆ ಹೋಯಿತು. ಫೆಬ್ರುವರಿಯ ಮೊದಲ ದಿನಗಳಲ್ಲೂ ಕಾವೇರಿ ಕುಂಟುತ್ತಲೇ ಇತ್ತು.

ದಾಳಿಯಾಗಿದೆ ಎಂದು ಸರ್ಕಾರ ಹೇಳಿದಾಗ ಕಚೇರಿ ಮುಂದಿನ ಬೀದಿ ಸುಲಭವಾಗಿ ನಂಬಲಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಈ ಅಪನಂಬಿಕೆಯೇ. ನೋಂದಣಿಗೆ ಇ-ಖಾತಾ, ಅಂದರೆ ಡಿಜಿಟಲ್ ಖಾತೆ, ಕಡ್ಡಾಯವಾದ 2024ರ ಅಕ್ಟೋಬರಿನಿಂದಲೂ ಜನ ಅಲೆದು ಸುಸ್ತಾಗಿದ್ದರು. "ಏನೋ ಒಂದು ನೆವ ಬೇಕಲ್ಲ ಇವ್ರಿಗೆ" ಎಂದು ಕಾಫಿ ಲೋಟ ಕೆಳಗಿಡುವವರನ್ನು ಅಜ್ಞಾನಿಗಳೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೇಬಲ್ ತುಂಡಾದ ದಿನ, ಕರೆಂಟು ಹೋದ ದಿನ, ಹೊರೆ ಹೆಚ್ಚಾಗಿ ಯಂತ್ರ ನಿಂತ ದಿನ, ಯಾರೋ ಬೇಕೆಂದೇ ಮುತ್ತಿಗೆ ಹಾಕಿದ ದಿನ, ಎಲ್ಲ ದಿನವೂ ಕೌಂಟರಿನಿಂದ ಬರುವ ಉತ್ತರ ಒಂದೇ ಆಗಿರುವಾಗ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು?

ಅಪನಂಬಿಕೆಗೆ ಹಳೆಯ ಕಾರಣಗಳೂ ಇವೆ. ತೆಲಗಿಯ ನಕಲಿ ಛಾಪಾ ಕಾಗದದ ಜಾಲ 2000ದಲ್ಲಿ ಹೊರಬಿದ್ದದ್ದು ಇದೇ ಬೆಂಗಳೂರಿನಲ್ಲಿ. ಟ್ರಂಕಿನೊಳಗಿನ ಕಾಗದ ಅಸಲಿಯೋ ನಕಲಿಯೋ ಎಂದು ಜನ ಬಿಸಿಲಿಗೆ ಹಿಡಿದು ನೋಡಿದ ಕಾಲ ಅದು. ಕಾಗದವನ್ನು ನಂಬಲಾಗದು, ಕಂಪ್ಯೂಟರಿಗೆ ಬನ್ನಿ ಎಂದಿತು ವ್ಯವಸ್ಥೆ, ಬಂದೆವು. 2004ರ ಏಪ್ರಿಲ್ 1ರಿಂದ ಈಚಿನ ಇಸಿ ಇಂದು ಮನೆಯಲ್ಲೇ ಕೂತು ತೆಗೆಯಬಹುದು. ಅದಕ್ಕೂ ಹಿಂದಿನದು ಬೇಕಾದರೆ ಇಂದಿಗೂ ದಪ್ಪ ರಟ್ಟಿನ ಪುಸ್ತಕಗಳನ್ನು ಕೆಳಗಿಳಿಸಿ, ಧೂಳು ಕೊಡವಿ, ಬೆರಳಿಟ್ಟು ಹುಡುಕಬೇಕು. ಸೌಲಭ್ಯ ದೊಡ್ಡದು, ಅದನ್ನು ಅಲ್ಲಗಳೆಯುವ ಮಾತೇ ಇಲ್ಲ. ಆದರೆ 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲಿಗೆ ಕನ್ನ ಬಿದ್ದು 11.5 ಕೋಟಿ ರೂಪಾಯಿ ಹೋಯಿತು. ಅದು ಗುತ್ತಿಗೆದಾರರು ಟೆಂಡರಿಗೆ ಇಟ್ಟಿದ್ದ ಠೇವಣಿ. 2023ರಲ್ಲಿ ಏಟು ನೇರ ಮನೆಗೇ ಬಂತು. ನೋಂದಣಿ ಮಾಡಿಸಿದ ಕೆಲವೇ ದಿನಗಳಲ್ಲಿ ಹಲವರ ಬ್ಯಾಂಕ್ ಖಾತೆಯಿಂದ, ಒಟಿಪಿ ಇಲ್ಲದೆ, ಹತ್ತು ಸಾವಿರದವರೆಗೆ ಹಣ ಹಾರಿಹೋಯಿತು. ನೋಂದಣಿ ಇಲಾಖೆಯ ಜಾಲತಾಣದಲ್ಲಿ ಸಿಗುತ್ತಿದ್ದ ಕ್ರಯಪತ್ರಗಳ ಪ್ರತಿಯಲ್ಲಿ ಹೆಬ್ಬೆಟ್ಟಿನ ಗುರುತು, ಆಧಾರ್ ಸಂಖ್ಯೆ ಎರಡೂ ಇದ್ದವು. ಕಳ್ಳರು ಆ ಗುರುತಿನಿಂದ ಬೆರಳಿನ ಅಚ್ಚು ತಯಾರಿಸಿ, ಆಧಾರ್ ಆಧಾರಿತ ಪಾವತಿ ಯಂತ್ರಕ್ಕೆ ಒತ್ತಿದ್ದರು. ಆಮೇಲೆ ಇಲಾಖೆ ಪ್ರತಿಗಳಲ್ಲಿನ ಗುರುತನ್ನು ಮರೆಮಾಡಿತು. ತಲೆಗೆ ಉಜ್ಜಿಕೊಂಡು, ಮೂರನೆಯ ಸಲಕ್ಕೆ ಹೆಬ್ಬೆರಳು ಒತ್ತಿ ಬಂದ ಅಜ್ಜಿಯ ಮನೆಯಲ್ಲಿ ಇಂಥ ಸುದ್ದಿ ಓದಿದರೆ ಏನನ್ನಿಸಬಹುದು ಎಂದು ಅಧಿಕಾರದಲ್ಲಿರುವವರು ಒಮ್ಮೆ ಯೋಚಿಸಬೇಕು.

ಹಾಗಾದರೆ ಸರ್ಕಾರ ಸುಮ್ಮನೆ ಕೂತಿದೆಯೇ? ಇಲ್ಲ. ಮಲ್ಲೇಶ್ವರದ ಕಡೆ ಹೋದರೆ ಅದು ಗೊತ್ತಾಗುತ್ತದೆ. ಸಂಪಿಗೆ ರಸ್ತೆಯ ಎಂಟನೇ ಅಡ್ಡರಸ್ತೆಯ ಹೂ, ಹಣ್ಣು, ಅವರೆಕಾಯಿ ರಾಶಿಗಳನ್ನು ದಾಟಿ, ಸಿಟಿಆರ್‌ನ ಬೆಣ್ಣೆ ಮಸಾಲೆಯ ವಾಸನೆಯನ್ನು ಹಿಂದೆ ಬಿಟ್ಟು ಮುಂದೆ ಸಾಗಿದರೆ, ಸ್ವಲ್ಪ ದೂರದಲ್ಲಿ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ಸಾಲು. ಬಿಸಿಲು ಒಮ್ಮೆಲೇ ತಂಪಾಗುತ್ತದೆ, ಹಾರ್ನಿನ ಸದ್ದು ಹಿಂದೆ ಸರಿಯುತ್ತದೆ. ರಾಜ್ಯದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ಸೈಸೆಕ್ ಇರುವುದು ಈ ಸಂಸ್ಥೆಯ ಆಸರೆಯಲ್ಲಿ. 2024ರ ಆಗಸ್ಟಿನಲ್ಲಿ ಕರ್ನಾಟಕ ತನ್ನ ಸೈಬರ್ ಭದ್ರತಾ ನೀತಿಯನ್ನು ಹೊರತಂದು, ಐದು ವರ್ಷಕ್ಕೆ 103.87 ಕೋಟಿ ರೂಪಾಯಿಯ ಅಂದಾಜು ಹಾಕಿತು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. 2025ರಲ್ಲಿ ಡಿಜಿಪಿ ದರ್ಜೆಯ ಅಧಿಕಾರಿಯ ಕೆಳಗೆ ಪ್ರತ್ಯೇಕ ಸೈಬರ್ ಕಮಾಂಡ್ ಕೂಡ ಬಂತು. ದೆಹಲಿಯ ಮಟ್ಟದಲ್ಲಿ ಭಾರತ್ ಎನ್‌ಸಿಎಕ್ಸ್ ಎಂಬ ಅಣಕು ಕಾರ್ಯಾಚರಣೆಗಳು ನಡೆಯುತ್ತವೆ. ದೊಡ್ಡ ದಾಳಿಯಾದರೆ ಯಾರು ಏನು ಮಾಡಬೇಕೆಂದು ಅಧಿಕಾರಿಗಳು ಅಭ್ಯಾಸ ಮಾಡುತ್ತಾರೆ.

ಕೆಲಸ ನಡೆದಿದೆ. ಅದು ಬೀದಿಗೆ ಕಾಣುವುದಿಲ್ಲ, ಅಷ್ಟೆ. ರಾಜ್ಯದ ನೀತಿಯಲ್ಲಿ ಎರಡು ಭಾಗಗಳಿವೆ: ಒಂದು ಜನರಿಗೆ, ವಿದ್ಯಾಸಂಸ್ಥೆಗಳಿಗೆ, ಉದ್ಯಮಗಳಿಗೆ ಸಂಬಂಧಿಸಿದ್ದು, ಅದು ಬಹಿರಂಗ; ಸರ್ಕಾರದ ಸ್ವಂತ ಕಂಪ್ಯೂಟರ್ ವ್ಯವಸ್ಥೆಯನ್ನು ಕಾಯುವ ಇನ್ನೊಂದು ಭಾಗ ಇಲಾಖೆಗಳ ಒಳಗೇ ಇರುವಂಥದು. ಬೀಗದ ಕೈ ಎಲ್ಲಿದೆಯೆಂದು ಊರಿಗೆ ಹೇಳಲಾಗದು, ಸರಿ. ಆದರೆ ಮನೆಗೆ ಕಳ್ಳ ನುಗ್ಗಿದ್ದನೋ ಇಲ್ಲವೋ, ಏನು ಹೋಯಿತು, ಏನು ಉಳಿಯಿತು ಎಂಬುದನ್ನು ಮನೆಯವರಿಗೆ ಹೇಳಲೇಬೇಕಲ್ಲ. ಸೈಬರ್ ಘಟನೆ ಗೊತ್ತಾದ ಆರು ಗಂಟೆಯೊಳಗೆ ತನಗೆ ವರದಿ ಮಾಡಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆಜ್ಞೆ ಮಾಡಿತು. ಅದೇ ಸಂಸ್ಥೆಯನ್ನು 2023ರ ನವೆಂಬರಿನಲ್ಲಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡಲಾಯಿತು. ಮೇಲಕ್ಕೆ ಹೋಗುವ ಮಾಹಿತಿಗೆ ಗಂಟೆಯ ಲೆಕ್ಕವಿದೆ, ಬೆಂಚಿನ ಮೇಲೆ ಕೂತವರ ಕಡೆ ಬರುವ ಮಾಹಿತಿಗೆ ಇಲ್ಲ. ಇದು ತಪ್ಪು.

ಸಿದ್ಧತೆ ಎನ್ನುವುದು ಯಂತ್ರ ಕೆಡದಂತೆ ನೋಡಿಕೊಳ್ಳುವುದಷ್ಟೇ ಅಲ್ಲ, ಕೆಟ್ಟ ದಿನ ಕೆಲಸ ಹೇಗೆ ಸಾಗಬೇಕು ಎಂಬುದೂ ಹೌದು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳನ್ನು ದುಷ್ಕರ್ಮಿಗಳು ಬೀಗ ಜಡಿದಂತೆ ಬಂದ್ ಮಾಡಿದಾಗ ಆಸ್ಪತ್ರೆ ಬಾಗಿಲು ಹಾಕಲಿಲ್ಲ. ಚೀಟಿ, ವರದಿ, ದಾಖಲಾತಿ ಎಲ್ಲವೂ ದಿನಗಟ್ಟಲೆ ಕೈಬರಹದಲ್ಲಿ ನಡೆದವು. ಕಷ್ಟವಾಯಿತು, ಆದರೆ ರೋಗಿ ಕಾಯಲಾರ ಎಂಬ ಅರಿವಿತ್ತು. ನೋಂದಣಿಗೆ ಬಂದವರೂ ಬಹಳ ದಿನ ಕಾಯಲಾರರು. ಬ್ಯಾಂಕಿನ ಸಾಲಕ್ಕೆ ಗಡುವು ಇರುತ್ತದೆ, ಮದುವೆಗೆ ಮುಂಚೆ ಸೈಟು ಮಾರಬೇಕಾಗಿರುತ್ತದೆ, ದಾನಪತ್ರ ಬರೆಯಬೇಕಾದ ಹಿರಿಯರು ಹಾಸಿಗೆ ಹಿಡಿದಿರುತ್ತಾರೆ.

ಪತ್ರ ಬರಹಗಾರರ ಸಾಲಿನಲ್ಲಿ ಕೂತ ಹಿರಿಯರೊಬ್ಬರು, ಕನ್ನಡಕವನ್ನು ಹಣೆಗೇರಿಸಿ, ತಮ್ಮ ಗಿರಾಕಿಗೆ ಸಮಾಧಾನ ಹೇಳುತ್ತಿದ್ದ ಮಾತು ನನಗೆ ಎಲ್ಲ ಪ್ರಕಟಣೆಗಳಿಗಿಂತ ಹೆಚ್ಚು ಉಪಯುಕ್ತವೆನಿಸಿತು. "ಗಾಬರಿಯಾಗ್ಬೇಡಿ ಯಜಮಾನ್ರೇ, ಸಹಿ ಮಾಡಿದ ದಿನದಿಂದ ನಾಲ್ಕು ತಿಂಗಳು ಟೈಮಿದೆ." ನಿಜ. 1908ರ ನೋಂದಣಿ ಕಾಯ್ದೆಯ 23ನೇ ಕಲಮು ಅಷ್ಟು ಕಾಲಾವಕಾಶ ಕೊಡುತ್ತದೆ. ಅನಿವಾರ್ಯ ಕಾರಣವಿದ್ದರೆ ದಂಡ ಕಟ್ಟಿ ಇನ್ನೂ ನಾಲ್ಕು ತಿಂಗಳು ಪಡೆಯಲು 25ನೇ ಕಲಮಿನಲ್ಲಿ ದಾರಿಯಿದೆ. ಗಿರಾಕಿಯ ಮುಖ ಸಡಿಲವಾದದ್ದನ್ನು ನೋಡಬೇಕಿತ್ತು. ಒಂದೇ ಒಂದು ನಿಜವಾದ ಮಾಹಿತಿ, ಅರ್ಥವಾಗುವ ಕನ್ನಡದಲ್ಲಿ, ಬೇಕಾದ ಹೊತ್ತಿಗೆ.

ಓದುಗರು ತಮ್ಮ ಕೈಲಾದದ್ದನ್ನು ಮಾಡಿಕೊಳ್ಳಲಿ. ಎಂ-ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿಡಿ, ನೋಂದಣಿಯ ದಿನ ಮಾತ್ರ ತೆಗೆಯಿರಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮನೆಯ ಹಿರಿಯರಿಗೆ ಇದನ್ನು ನೀವೇ ಕೂತು ಮಾಡಿಕೊಡಿ. ಉಳಿದದ್ದು ಇಲಾಖೆಯ ಹೊಣೆ. ಕಾವೇರಿ ನಿಂತ ದಿನ ಪ್ರತಿ ಕಚೇರಿಯ ಬಾಗಿಲಲ್ಲಿ ನಾಲ್ಕು ಸಾಲಿನ ಸಹಿ ಮಾಡಿದ ಪ್ರಕಟಣೆ ಬೀಳಲಿ: ಏನಾಗಿದೆ, ದಾಖಲೆಗಳು ಸುರಕ್ಷಿತವೇ, ನಿಮ್ಮ ಪಾಳಿ ಮತ್ತೆ ಯಾವಾಗ, ಕಾನೂನಿನ ಗಡುವು ಎಷ್ಟಿದೆ. ಮತ್ತು 2025ರ ಜನವರಿಯ ದಾಳಿಯ ತನಿಖೆಯಲ್ಲಿ ಕಂಡದ್ದೇನು ಎಂಬುದನ್ನು ಸರ್ಕಾರ ಕನ್ನಡದಲ್ಲಿ ಬರೆದು, ಅಂದು ಕಾದು ವಾಪಸಾದ ಜನರ ಮುಂದೆ ಇಡಲಿ.